ಮಲಯಾಳಂನಲ್ಲಿ ನಗಿಸುತ್ತಲೇ ವಿಷಯವನ್ನೂ ಹೇಳುವ, ನಾಯಕ ಮನಸ್ಸಿಗೆ ಹಿಡಿಸುವಂಥ ಒಂದೇ ಒಂದು ಸಿನಿಮಾ ಹೇಳಿ ಅಂದರೆ ಯಾವುದು ಹೇಳ್ತೀರಿ?

2022ರ ‘ನ್ನಾ ತಾನ್ ಕೇಸ್ ಕೊಡ್’. ‘ಹಾಗಾದ್ರೆ ನೀನು ಕೇಸು ಹಾಕು’ ಅಂತ ಅರ್ಥ. ನಾನು ಬದಿಯಡ್ಕ ಕಡೆಯ ಕನ್ನಡಿಗ, ಸಿನಿಮಾ ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ಭಾಗದ್ದು. ಸ್ವಲ್ಪ ಊರ ಪಕ್ಷಪಾತ ಇದ್ದೀತು, ಅದನ್ನು ಕಳೆದು ಓದಿಕೊಳ್ಳಿ.

ಕೊಳುಮ್ಮಲ್ ರಾಜೀವನ್ ಹಳೇ ಕಳ್ಳ. ದೇವಿ ಎಂಬವಳ ಮೇಲೆ ಮನಸ್ಸಾಗಿ, ಕಳ್ಳತನ ಬಿಟ್ಟು ಕೂಲಿ ಮಾಡಿಕೊಂಡಿದ್ದಾನೆ. ಒಂದು ರಾತ್ರಿ ಆಟೋ ಒಂದು ಮೈಮೇಲೆ ಬಂತು ಅಂತ ಪಕ್ಕದ ಪಾಗಾರ ಹಾರುತ್ತಾನೆ. ನೋಡಿದರೆ ಅದು ಎಮ್ಮೆಲ್ಲೆ ಮನೆ! ನಾಯಿಗಳು ಸರಿಯಾಗಿ ಹಿಂಭಾಗಕ್ಕೇ ಬಾಯಿ ಹಾಕುತ್ತವೆ. ಹಳೇ ಕಳ್ಳ, ರಾತ್ರಿ ಹೊತ್ತು, ಎಮ್ಮೆಲ್ಲೆ ಕಂಪೌಂಡು. ಯಾರು ನಂಬುತ್ತಾರೆ? ಕದಿಯಲು ಬಂದ ಅಂತ ಕೇಸು ಬೀಳುತ್ತದೆ. ತನ್ನ ಪರ ತಾನೇ ವಾದಕ್ಕೆ ನಿಲ್ಲುತ್ತಾನೆ. ಆಟೋ ಯಾಕೆ ಈಚೆ ಸರಿಯಿತು ಅಂತ ಕೆದಕುತ್ತ ಹೋದರೆ ಕೊನೆಗೆ ಸಿಗುವುದು ರಸ್ತೆಯ ಗುಂಡಿ. ಗುಂಡಿ ಯಾರದ್ದು? ಲೋಕೋಪಯೋಗಿ ಮಂತ್ರಿಯದ್ದು. ಹಾಗಾದರೆ ಅವರನ್ನೂ ಕೋರ್ಟಿಗೆ ಕರೆಸಿ ಅಂತ ಪಟ್ಟು ಹಿಡಿಯುತ್ತಾನೆ.

ಈ ರಾಜೀವನ್ ಕುಂಜಾಕೋ ಬೋಬನ್. 1997ರಲ್ಲಿ ‘ಅನಿಯತ್ತಿಪ್ರಾವು’ ಬಂದಾಗಿನಿಂದ ಚಾಕೊಲೇಟ್ ಹೀರೋ ಅನ್ನಿಸಿಕೊಂಡವರು. ಇಲ್ಲಿ ಜಾತ್ರೆಯ ಗಾನಮೇಳದಲ್ಲಿ 1985ರ ‘ದೇವದೂದರ್ ಪಾಡಿ’ ಹಾಡು ಶುರುವಾಗುತ್ತದೆ, ಇವರು ವೇದಿಕೆಯ ಕೆಳಗೆ ಒಬ್ಬರೇ ಕುಣಿಯುತ್ತಾರೆ. ಕೈ ಒಂದು ಕಡೆ, ಕಾಲು ಒಂದು ಕಡೆ, ಮುಖದಲ್ಲಿ ಮಾತ್ರ ಪರಮ ಗಾಂಭೀರ್ಯ. ನಮ್ಮ ಕಡೆ ಯಾವ ಜಾತ್ರೆಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನೆ, ಮಕ್ಕಳು ಸುತ್ತ ನಿಂತು ನೋಡುತ್ತಿರುತ್ತಾರೆ. ಅವನ ಮೇಲೆ ಪ್ರೀತಿ ಹುಟ್ಟುವುದು ಅಲ್ಲಿಂದ. ಕೋರ್ಟಿನಲ್ಲೂ ಅವನು ಮೇಜು ಗುದ್ದಿ ಡೈಲಾಗ್ ಹೊಡೆಯುವುದಿಲ್ಲ, ವಿನಯದಿಂದಲೇ ಇನ್ನೊಂದು ಪ್ರಶ್ನೆ ಕೇಳುತ್ತಾನೆ, ಆಮೇಲೆ ಮತ್ತೊಂದು. (ಬಡವ ಅಂತ ತೋರಿಸಲು ಅವರ ಮುಖಕ್ಕೆ ಕಪ್ಪು ಬಳಿದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.)

ಆದರೂ ಸಿನಿಮಾವನ್ನು ಹೊಡೆದುಕೊಂಡು ಹೋಗುವವರು ಮ್ಯಾಜಿಸ್ಟ್ರೇಟ್. ಪಿ.ಪಿ. ಕುಞಿಕೃಷ್ಣನ್ ಅಂತ, ನಿವೃತ್ತ ಮೇಷ್ಟ್ರು, ಪಂಚಾಯತಿ ಸದಸ್ಯರೂ ಆಗಿದ್ದವರು. ತರಲೆ ಹುಡುಗರ ಕ್ಲಾಸಿನಲ್ಲಿ ಸಿಕ್ಕಿಬಿದ್ದ ಮೇಷ್ಟ್ರ ಹಾಗೆ ಕಣ್ಣರಳಿಸಿ, ಗದರಿಸಿ, ನಗು ಬಂದರೆ ನುಂಗಿಕೊಂಡು ಕೂರುತ್ತಾರೆ. ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಯೂ ಬಂತು. ಶುಕ್ಕೂರ್ ಅಂತ ನಿಜವಾದ ವಕೀಲರೇ ವಕೀಲರಾಗಿದ್ದಾರೆ. ನಿರ್ದೇಶಕ ರತೀಶ್ ಬಾಲಕೃಷ್ಣನ್ ಪೊದುವಾಳ್ ಹೀಗೆ ಊರಿನವರನ್ನೇ ಹುಡುಕಿ ತಂದದ್ದರಿಂದ ಭಾಷೆಯೂ ಊರಿನದ್ದೇ: ‘ಅವನ್’ ಇಲ್ಲಿ ‘ಓನ್’, ‘ಅವಳ್’ ಇಲ್ಲಿ ‘ಓಳ್’. ಸಬ್‌ಟೈಟಲ್‌ನಲ್ಲಿ ಇದು ಸಿಗುವುದಿಲ್ಲ, ಕಿವಿಗೊಟ್ಟು ಕೇಳಿ.

ಇನ್ನೊಂದು ಕುಸುರಿ ಗಮನಿಸಿ: ಕೇಸು ಎಳೆಯುತ್ತಾ ಹೋದಂತೆ ಕಾಲ ಎಷ್ಟು ಸರಿಯಿತು ಅಂತ ತೋರಿಸುವುದು ತಾರೀಕಿನಿಂದಲ್ಲ, ಪೆಟ್ರೋಲ್ ರೇಟಿನಿಂದ.

ಬಿಡುಗಡೆಯ ದಿನವೇ ಗಲಾಟೆಯೂ ಆಯಿತು. ‘ಥಿಯೇಟರಿಗೆ ಬರುವ ದಾರಿಯಲ್ಲಿ ಗುಂಡಿ ಇದೆ, ಆದರೂ ಬಂದ್ಬಿಡಿ’ ಎಂಬ ಅರ್ಥದ ಜಾಹೀರಾತು ಕೊಟ್ಟಿದ್ದರು. ತಮ್ಮ ಸರಕಾರಕ್ಕೆ ಹೇಳಿದ್ದು ಅಂತ ಆಡಳಿತ ಪಕ್ಷದ ಬೆಂಬಲಿಗರು ಸೋಶಿಯಲ್ ಮೀಡಿಯಾದಲ್ಲಿ ಮೇಲೆ ಬಿದ್ದರು. ಸಿನಿಮಾಕ್ಕೆ ಅದರಿಂದ ಒಳ್ಳೆಯದೇ ಆಯಿತು.

ದ್ವಿತೀಯಾರ್ಧದಲ್ಲಿ ಕೋರ್ಟಿನ ಸೀನುಗಳು ಸ್ವಲ್ಪ ಉದ್ದವಾದವು, ಚಹಾ ಮಾಡಿಕೊಂಡು ಬರಲು ಅಡ್ಡಿಯಿಲ್ಲ.

ನಾನಿದನ್ನು ಭಾವನ ಜೊತೆ ಕೂತು ನೋಡಿದ್ದು. ಅವರು ಇಪ್ಪತ್ತು ವರ್ಷದಿಂದ ಆಟೋ ಓಡಿಸುವವರು. ನಾವೆಲ್ಲ ರಾಜೀವನ್‌ಗೆ ಏನಾಗುತ್ತೋ ಅಂತ ಕೂತಿದ್ದರೆ ಅವರಿಗೆ ಆ ಆಟೋದವನದ್ದೇ ಚಿಂತೆ. “ಅವನದ್ದೇನು ತಪ್ಪು ಮಾರಾಯ, ತಿರುಗಿಸದೆ ಗುಂಡಿಗೆ ಇಳಿಸಿದ್ದರೆ ರಿಪೇರಿ ದುಡ್ಡು ಯಾರು ಕೊಡ್ತಿದ್ರು?”