ಚಿನ್ನಿಯ ಕೂದಲುಂಡೆ, ಮೂರನೇ ಮಹಡಿಯ ಬಾಗಿಲು

ಪ್ರಶ್ನೆ: ಡಾಕ್ಟರೇ, ನಾವು ಶಿರಸಿ ಕಡೆಯವರು. ಮಗನ ಕೆಲಸದ ಸಲುವಾಗಿ ಜೂನ್‌ನಲ್ಲಿ ಕಾರವಾರಕ್ಕೆ ಬಂದು ಕೋಡಿಬಾಗದಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇವೆ. ತೋಟದ ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಹೆಣ್ಣು ಬೆಕ್ಕು ಚಿನ್ನಿಯನ್ನೂ ಕರೆತಂದೆವು. ಪರ್ಷಿಯನ್ ಬೆರಕೆ, ಉದ್ದ ಕೂದಲು. ಊರಲ್ಲಿ ಅಪರೂಪಕ್ಕೆ ಕೂದಲು ಕಾರುತ್ತಿದ್ದದ್ದು ಇಲ್ಲಿ ವಾರಕ್ಕೆ ಎರಡು ಸಲ ಕಾರುತ್ತಿದೆ. ರಾತ್ರಿ ಬಾಗಿಲ ಹತ್ತಿರ ಕೂತು ಕೂಗುತ್ತದೆ. ಹೊರಗೆ ಬಿಡೋಣವೆಂದರೆ ಕೆಳಗೆ ನಾಯಿಗಳು, ಹೆದ್ದಾರಿ. ನಮ್ಮದು ಸಸ್ಯಾಹಾರದ ಮನೆ, ಹಾಲು-ಅನ್ನ ಹಾಕುತ್ತೇವೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಕುಡಿಸಿ ಎಂದರು. ಏನು ಮಾಡಲಿ? ಚಿನ್ನಿಯ ಫೋಟೋ ಇಟ್ಟಿದ್ದೇನೆ.
- ಓದುಗರೊಬ್ಬರು, ಕಾರವಾರ

ಉತ್ತರ: ಅಕ್ಕಾ, ಮೊದಲು ಆ ಎಣ್ಣೆ ಬಾಟಲಿ ಒಳಗಿಡಿ. ನಾನೂ ಒಂದು ಕಾಲಕ್ಕೆ "ಒಂದು ಚಮಚ ಕುಡಿಸಿ, ಸರಿಹೋಗ್ತದೆ" ಎಂದವನೇ. ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸಿ ರೂಢಿಯಾದ ಕೈ ನನ್ನದು. ಸಿದ್ದಾಪುರದಲ್ಲಿದ್ದಾಗ ಒಬ್ಬರು ನನ್ನ ಮಾತು ಕೇಳಿ ಬೆಕ್ಕಿನ ಬಾಯಿ ಬಿಡಿಸಿ ಎಣ್ಣೆ ಹೊಯ್ದರು. ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಬೆಕ್ಕು ಬದುಕಲಿಲ್ಲ. ಅವರು ನನ್ನನ್ನು ಬೈಯಲೂ ಇಲ್ಲ, ಅದೇ ಇನ್ನೂ ಚುಚ್ಚುತ್ತದೆ. ತುಪ್ಪ, ಬೆಣ್ಣೆಯಿಂದಲೂ ಲಾಭವಿಲ್ಲ. ಅವು ಜೀರ್ಣವಾಗಿ ಹೋಗುತ್ತವೆ, ಕೂದಲು ಇದ್ದಲ್ಲೇ ಇರುತ್ತದೆ.

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ಮೈ ನೆಕ್ಕುವಾಗ ಉದುರು ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಉಗುಳಲು ಬಾರದೆ ನುಂಗುತ್ತದೆ. ಹೆಚ್ಚಿನದು ಮಲದಲ್ಲಿ ಹೋಗುತ್ತದೆ, ಉಳಿದದ್ದು ಬಾಯಿಂದ ಬರುತ್ತದೆ. ಉಂಡೆ ಅಂತ ಹೆಸರೇ ಹೊರತು ಅನ್ನನಾಳದಲ್ಲಿ ಹಾದು ಬರುವುದರಿಂದ ಒದ್ದೆ ದೀಪದ ಬತ್ತಿಯ ಹಾಗೆ ಉದ್ದಕ್ಕೇ ಇರುತ್ತದೆ. ಉದ್ದ ಕೂದಲಿನ ಬೆಕ್ಕು ತಿಂಗಳಿಗೆ ಒಂದೆರಡು ಸಲ ಕಾರಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ವಾರಕ್ಕೆ ಎರಡು ಸಲ ಹೆಚ್ಚಾಯಿತು. ಊರು ಬಿಟ್ಟಮೇಲೇ ಹೆಚ್ಚಾಯಿತು ಎಂದು ನೀವೇ ಬರೆದಿದ್ದೀರಲ್ಲ, ಅಲ್ಲೇ ಇದೆ ಸುಳಿವು. ತೋಟದಲ್ಲಿ ಇಲಿ, ಓತಿಕ್ಯಾತ, ಅಟ್ಟ, ಗರಿಕೆ ಹುಲ್ಲು ಅಂತ ಹಗಲು ಕಳೆಯುತ್ತಿದ್ದ ಜೀವಕ್ಕೆ ಈಗ ನೆಕ್ಕುವುದೊಂದೇ ಕೆಲಸ.

ಆದರೂ ಬೇಸರವೇ ಕಾರಣ ಎಂದು ಕೂರುವ ಮೊದಲು ಚಿಗಟ ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಹಾಸಿ, ಬೆಕ್ಕನ್ನು ಅದರ ಮೇಲೆ ನಿಲ್ಲಿಸಿ ಬಾಲದ ಬುಡದಲ್ಲಿ ಬಾಚಿ. ಮೆಣಸಿನ ಪುಡಿಯಂಥ ಕರಿ ಕಾಳು ಬಿದ್ದು, ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಆ ಕೆಂಪು ಚಿನ್ನಿಯದೇ ರಕ್ತ. ತುರಿಕೆಗೆ ನೆಕ್ಕುತ್ತಿದ್ದರೆ ಚಿಗಟ ಹೋಗದೆ ಕೂದಲುಂಡೆ ನಿಲ್ಲುವುದಿಲ್ಲ. ನಾಯಿಯ ಚಿಗಟ, ಉಣುಗಿನ ಔಷಧಿಯನ್ನು ಮಾತ್ರ ಹಚ್ಚಬೇಡಿ. ಅವುಗಳಲ್ಲಿ ಕೆಲವಕ್ಕೆ ಇರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಇನ್ನು ದಿನವೂ ಐದು ನಿಮಿಷ ಸ್ಟೀಲ್ ಬಾಚಣಿಗೆಯಲ್ಲಿ ಬಾಚಿ. ಬಾಚಣಿಗೆಗೆ ಬಂದ ಕೂದಲು ಹೊಟ್ಟೆಗೆ ಹೋಗುವುದಿಲ್ಲ, ಇಷ್ಟು ಸರಳ ಲೆಕ್ಕ. ಕಂಕುಳಲ್ಲಿ ಜಡೆಗಟ್ಟಿದ್ದರೆ ಕತ್ತರಿ ಹಾಕಬೇಡಿ, ಕೂದಲ ಜೊತೆ ಚರ್ಮವೂ ಎದ್ದು ಬಂದಿರುತ್ತದೆ. ಕರಟದಲ್ಲಿ ಮಣ್ಣು ತುಂಬಿ ಗೋಧಿ ಬಿತ್ತಿ, ವಾರದೊಳಗೆ ಮೇಯಲು ಹುಲ್ಲು ಸಿಗುತ್ತದೆ. ಬೇಯಿಸಿದ ಸಿಹಿಗುಂಬಳ ಒಂದು ಚಮಚ ಊಟಕ್ಕೆ ಕಲಸಬಹುದು. ಕೂದಲುಂಡೆಗೆಂದೇ ಸಿಗುವ ಮಾಲ್ಟ್ ಪೇಸ್ಟನ್ನು ಮುಂಗಾಲಿಗೆ ಹಚ್ಚಿಬಿಡಿ, ತಾನೇ ನೆಕ್ಕಿಕೊಳ್ಳುತ್ತದೆ.

ನೀವು ಕೇಳದ ಒಂದು ಮಾತು, ನನಗೆ ಹೆಚ್ಚು ಗಾಬರಿಯಾದದ್ದು ಅದೇ: ಹಾಲು-ಅನ್ನ. ಊರಲ್ಲೂ ಅದನ್ನೇ ಹಾಕುತ್ತಿದ್ದಿರಿ, ನಿಜ. ಆದರೆ ಚಿನ್ನಿ ಬದುಕಿದ್ದು ನಿಮ್ಮ ಕಣ್ತಪ್ಪಿಸಿ ಹಿಡಿದ ಇಲಿಯ ಮೇಲೆ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಅದಿಲ್ಲದೆ ತಿಂಗಳುಗಟ್ಟಲೆ ಹೋದರೆ ಕಣ್ಣು ಮಂಜಾಗುತ್ತದೆ, ಹೃದಯ ಹಿಗ್ಗುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ. ಬಂಗಡೆ ತಂದು ಬೇಯಿಸಿ ಎಂದು ನಿಮಗೆ ಹೇಳಲಾರೆ. ನಮ್ಮ ಮನೆಯಲ್ಲೂ ಆ ಮಾತು ತೆಗೆದರೆ ಬೆಕ್ಕಿನ ಜೊತೆ ನನಗೂ ಊಟ ಅಂಗಳದಲ್ಲೇ. ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ತನ್ನಿ, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ನಾಯಿಯದು ಆಗುವುದಿಲ್ಲ. ವಾರದ ಮಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಒಣ ಆಹಾರವಾದರೆ ಮನೆಯ ಎರಡು ಮೂರು ಕಡೆ ನೀರಿಡಿ.

ಹೊರಗೆ ಬಿಡುವ ವಿಷಯ. ಬೇಡ. ಹೊಸ ಜಾಗದ ಬೆಕ್ಕು ಹಳೆ ಮನೆ ಹುಡುಕಿಕೊಂಡು ಹೊರಡುತ್ತದೆ, ನಿಮ್ಮ ಚಿನ್ನಿಯ ಹಳೆ ಮನೆ ಘಟ್ಟದ ಮೇಲಿದೆ. ಒಳಗೇ ಇರಲಿ, ಆದರೆ ತೋಟದ್ದನ್ನು ಒಂದಿಷ್ಟು ಒಳಗೆ ತನ್ನಿ. ಊರಿಂದ ಬರುವವರ ಹತ್ತಿರ ಮೂರಡಿ ಉದ್ದದ ಅಡಿಕೆ ಮರದ ತುಂಡು ತರಿಸಿ, ಕತ್ತದ ಹಗ್ಗ ಒತ್ತೊತ್ತಾಗಿ ಸುತ್ತಿ ಅಲ್ಲಾಡದಂತೆ ನಿಲ್ಲಿಸಿ, ಉಗುರು ಕೆರೆಯಲಿಕ್ಕೆ. ಕಪಾಟಿನ ಮೇಲೆ ಹತ್ತಿ ಕೂರಲು ಜಾಗ ಮಾಡಿ. ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ಬೇಟೆಯಾಡಿಸಿ, ಆಮೇಲೆ ಊಟ ಹಾಕಿ. ಆಡಿಸಿದ ದಾರ ಎತ್ತಿಡಿ. ನುಂಗಿದ ದಾರ ಕರುಳನ್ನೇ ಕೊಯ್ಯುತ್ತದೆ, ಗಾಳದ ನೂಲಾದರೆ ಇನ್ನೂ ಕಷ್ಟ. ಬಾಯಲ್ಲೋ ಹಿಂದೋ ತುದಿ ಕಂಡರೆ ಎಳೆಯಬೇಡಿ, ಹಾಗೇ ಡಾಕ್ಟರ ಹತ್ತಿರ ಒಯ್ಯಿರಿ.

ರಾತ್ರಿ ಕೂಗುತ್ತದೆ ಎಂದಿರಿ, ಸಂತಾನಹರಣ ಆಗಿದೆಯೋ ಬರೆದಿಲ್ಲ. ಆಗಿಲ್ಲದಿದ್ದರೆ ಅದು ಊರಿನ ನೆನಪಲ್ಲ, ಬೆದೆ ಇರಬಹುದು. ಎರಡು ಮೂರು ವಾರಕ್ಕೊಮ್ಮೆ ಮರುಕಳಿಸುತ್ತದೆ. ಆಪರೇಷನ್ ಮಾಡಿಸಿ. ಒಳಗೇ ಇದ್ದರೂ ರೇಬಿಸ್ ಲಸಿಕೆ ತಪ್ಪಿಸಬೇಡಿ.

ಮತ್ತೆ ಮತ್ತೆ ಓಕರಿಸಿ ಏನೂ ಬಾರದಿದ್ದರೆ, ಒಂದು ದಿನ ಪೂರ್ತಿ ತಿನ್ನದಿದ್ದರೆ, ಹೊಟ್ಟೆ ಬಿಗಿದಿದ್ದರೆ ಕಾಯಬೇಡಿ. ಕರುಳು ಕಟ್ಟಿರಬಹುದು. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿಗೂ ಕೊಬ್ಬು ತುಂಬಿಕೊಳ್ಳುತ್ತದೆ. ಕತ್ತು ಚಾಚಿ ನೆಲಕ್ಕೆ ತಗ್ಗಿ ಕೆಮ್ಮಿ, ಕೂದಲೇ ಬಾರದಿದ್ದರೆ ಅದು ಅಸ್ತಮಾ ಇರಬಹುದು. ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರ ಮುಂದೆ ಯಾವ ಬೆಕ್ಕೂ ಕೆಮ್ಮುವುದಿಲ್ಲ.

ಫೋಟೋ ನೋಡಿದೆ. ಚೆಂದದ ಬೆಕ್ಕು. ಆದರೆ ಕಿಟಕಿ ಸರಳಿನ ನಡುವೆ ತಲೆ, ಒಂದು ಕಾಲು ಎರಡೂ ಹೊರಗಿವೆಯಲ್ಲ! ಈ ವಾರವೇ ಸಣ್ಣ ಕಣ್ಣಿನ, ದಪ್ಪ ನೂಲಿನ ಬಲೆ ಬಿಗಿಸಿ. ಬೈತಖೋಲ ಮೀನುಗಾರಿಕೆ ಬಂದರು ಅಷ್ಟು ಹತ್ತಿರ ಇಟ್ಟುಕೊಂಡು ಬಲೆ ಸಿಗಲಿಲ್ಲ ಎನ್ನಬೇಡಿ.