ಪ್ರೆಶರ್ ವಾಷರ್ ಗನ್ ಹತ್ರ ನೀರು ಸೋರೋದಕ್ಕೆ

ಟೆಫ್ಲಾನ್ ಟೇಪ್ ಸುತ್ತಿದ್ರೂ ಗನ್ ಹತ್ರ ಸೋರೋದು ನಿಲ್ತಿಲ್ಲ ಅಂತ ಕೇಳಿದ್ರಿ. ಪೈಪು ಗನ್ನಿಗೆ ಸೇರೋ ಜಾಗದಲ್ಲಿ ಎಷ್ಟು ಟೈಟ್ ಮಾಡಿದ್ರೂ ನೀರು ಚಿಮ್ಮುತ್ತೆ ಅಂದ್ರೆ ಬಹುಶಃ ಒಳಗಿನ ಓ-ರಿಂಗ್ (ರಬ್ಬರ್ ಬಳೆ) ಸವೆದಿದೆ, ನೀವು ಸುತ್ತಿರೋ ಟೆಫ್ಲಾನ್ ಟೇಪ್ ಅಲ್ಲಿ ದಂಡ, ನೀರು ತಡೆಯೋದು ಥ್ರೆಡ್ ಅಲ್ಲ ಆ ರಿಂಗು.

ಮೊದ್ಲು ಮೋಟರ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಪೂರ್ತಿ ಬಿಡಿ, ಇದನ್ನ ಮರೀಬೇಡಿ. ಆಮೇಲೆ ಪೈಪು ಬಿಚ್ಚಿ ಹಳೇ ರಿಂಗನ್ನ ಮರದ ಕಡ್ಡೀಲಿ ಎಬ್ಬಿಸಿ, ಸ್ಕ್ರೂಡ್ರೈವರ್ ಹಾಕಿದ್ರೆ ರಿಂಗ್ ಕೂರೋ ಜಾಗ ಗೀಚಿ ಹೊಸದೂ ಸೋರುತ್ತೆ. ಹಳೇ ರಿಂಗನ್ನ ಜೇಬಲ್ಲಿಟ್ಕೊಂಡು ಹಾಸನಕ್ಕೆ ಬಂದಾಗ ಬೇರಿಂಗ್, ಆಯಿಲ್ ಸೀಲ್ ಮಾರೋ ಅಂಗಡೀಲಿ ತೋರಿಸಿ, ಅದೇ ಸೈಜಿನ ನೈಟ್ರೈಲ್ ರಬ್ಬರ್ ರಿಂಗ್ ನಾಲ್ಕೈದು ತಗೊಳ್ಳಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಮಷಿನ್) ತೊಳೆಯೋ ಸೀಸನ್ನಲ್ಲಿ ಮತ್ತೆ ಬೇಕಾಗುತ್ತೆ. ಬಿಸಿನೀರಿನ ಮಷಿನ್ನಾದ್ರೆ ಬಿಸಿ ತಡೆಯೋ ವೈಟಾನ್ ರಬ್ಬರಿನ ರಿಂಗ್ ಕೇಳಿ.

ಜಾಗ ಒರೆಸಿ, ರಿಂಗಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ ಕೂರಿಸಿ, ಕೈಯಲ್ಲೇ ಟೈಟ್ ಮಾಡಿದ್ರೆ ಸಾಕು. ಮೋಟರ್ ಹಾಕೋ ಮುಂಚೆ ಟ್ರಿಗರ್ ಒತ್ತಿ ಗಾಳಿ ಹೋಗೋವರೆಗೂ ನೀರು ಬಿಡಿ.

ಪೈಪು ಮಷಿನ್ ಜೊತೆ ಬಂದಿದ್ದಲ್ದೆ ಆಮೇಲೆ ಬೇರೆ ಕೊಂಡಿದ್ದಾ? ಹಾಗಿದ್ರೆ ಇನ್ನೊಂದು ಅನುಮಾನ ಇದೆ, ಎಂ22 (22 ಎಂಎಂ ಥ್ರೆಡ್ಡಿನ) ಫಿಟ್ಟಿಂಗಲ್ಲಿ ಒಳಗಿನ ಪಿನ್ನು 14 ಎಂಎಂ, 15 ಎಂಎಂ ಅಂತ ಎರಡು ಬರುತ್ತೆ, ಥ್ರೆಡ್ ಕೂತ್ರೂ ಪಿನ್ ಅದಲುಬದಲಾದ್ರೆ ಹೊಸ ರಿಂಗ್ ಹಾಕಿದ್ರೂ ಸೋರೋದು ನಿಲ್ಲಲ್ಲ. ಅಂಗಡೀಲೇ ವರ್ನಿಯರ್ ಹಿಡಿದು ಅಳೆಸಿ.