ಬಾಲ್ಕನಿಯಲ್ಲಿ ಕೊತ್ತಂಬರಿ ಯಾಕೆ ಹುಟ್ಟುತ್ತಿಲ್ಲ?

ಬೆಂಗಳೂರಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಬಾಲ್ಕನಿಗೆ ಬೆಳಗಿನ ಮೂರ್ನಾಲ್ಕು ಗಂಟೆ ಬಿಸಿಲು, ಅಡುಗೆಮನೆ ಡಬ್ಬದ ಧನಿಯಾ ಮೂರು ಸಲ ಬಿತ್ತಿದರೂ ಒಂದೂ ಹುಟ್ಟಲಿಲ್ಲ, ನನ್ನ ಕೈಗುಣವೇ ಸರಿಯಿಲ್ಲವೇನೋ ಅಂತ ಕೇಳಿದ್ದೀರಿ. ಕೈಗುಣಕ್ಕೆ ಏನೂ ಆಗಿಲ್ಲ. ಅಷ್ಟು ಬಿಸಿಲು ಸೊಪ್ಪಿಗೆ ಸಾಕು. ತೊಂದರೆ ಇರುವುದು ಕಾಳನ್ನು ಹಾಕುವ ರೀತಿಯಲ್ಲಿ, ಬಹುಶಃ ಮಣ್ಣಿನಲ್ಲಿ ಕೂಡ.

ಒಂದು ಧನಿಯಾ ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ಅದು ಒಂದೇ ಬೀಜ ಅಲ್ಲ. ಎರಡು ಹೋಳು ಅಂಟಿಕೊಂಡಿರುತ್ತವೆ, ಹೋಳಿಗೊಂದು ಬೀಜ. ಇಡೀ ಕಾಳನ್ನು ಹಾಗೇ ಹಾಕಿದರೆ ನೀರು ಒಳಗೆ ಇಳಿಯುವುದು ತಡ. ಕಾಳನ್ನು ಚಪಾತಿ ಮಣೆ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಿತ್ತಿ. ಅರ್ಧ ಇಂಚಿಗಿಂತ ಆಳ ಬೇಡ. ಆಮೇಲೆ ಒಂದು ವಾರದಿಂದ ಹದಿನೈದು ದಿನ ಕಾಯಬೇಕು. ಐದನೇ ದಿನಕ್ಕೇ ಮಣ್ಣು ಕೆದಕಿ ನೋಡಬೇಡಿ, ದಯವಿಟ್ಟು! ಆಗತಾನೇ ಬಿಟ್ಟ ಬೇರು ದಾರದ ಎಳೆಯಷ್ಟೇ ಇರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಇದೇ ಕಾರಣಕ್ಕೆ ಕೊತ್ತಂಬರಿ ಸಸಿಯನ್ನು ಕಿತ್ತು ಬೇರೆ ಕುಂಡಕ್ಕೆ ನೆಡುವುದೂ ಬೇಡ.

ಡಬ್ಬದ ಧನಿಯಾ ಹಳೆಯದಾಗಿದ್ದರೆ ಏನು ಮಾಡಿದರೂ ಹುಟ್ಟುವುದು ಕಷ್ಟ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ 'ಅರ್ಕಾ ಇಶಾ' ಅನ್ನುವ ತಳಿ ಇದೆ, ಅದನ್ನು ಒಮ್ಮೆ ಹಾಕಿ ನೋಡಿ. ಒಂದು ಸಲ ಕೊಯ್ದರೂ ಮತ್ತೆ ಚಿಗುರುತ್ತದೆ. ಹಾಗೇ, ಏಪ್ರಿಲ್-ಮೇ ಬಿಸಿಲಲ್ಲಿ ಕೊತ್ತಂಬರಿ ಸಾಕಷ್ಟು ಎಲೆ ಬಿಡುವುದಕ್ಕಿಂತ ಮೊದಲೇ ಹೂವಿಗೆ ಹೋಗುತ್ತದೆ. ಮಳೆ ಕಡಿಮೆಯಾದ ಮೇಲೆ, ಚಳಿಗಾಲದಲ್ಲಿ ಬಿತ್ತಿದರೆ ಚೆನ್ನಾಗಿ ಬರುತ್ತದೆ.

ಇನ್ನು ಮಣ್ಣು. ನಾನು ಮೊದಲ ವರ್ಷ ಬರೀ ಕೆಂಪು ಮಣ್ಣು ತುಂಬಿದ್ದೆ. ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆ ಥರ ಗಟ್ಟಿಯಾಯಿತು, ನೀರೆಲ್ಲ ಮೇಲೇ ನಿಲ್ಲುತ್ತಿತ್ತು. ಎರಡು ಕುಂಡದ ಮೆಂತ್ಯ ಕೊಳೆತುಹೋಯಿತು, ತುಂಬಾ ಬೇಜಾರಾಗಿತ್ತು. ಈಗ ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮ ಬೆರೆಸುತ್ತೇನೆ. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅದು ಹದ. ಕುಂಡದ ತಳದಲ್ಲಿ ತೂತು ಇರಲೇಬೇಕು. ಬೆರಳು ಊರಿದಾಗ ಒಳಗೆ ತೇವ ತಗುಲಿದರೆ ಅವತ್ತು ನೀರು ಬೇಡ.

ಕೊತ್ತಂಬರಿಗೆ ಕಾಯುವ ಹೊತ್ತಿಗೆ ಪಕ್ಕದ ಕುಂಡದಲ್ಲಿ ಮೆಂತ್ಯ ಹಾಕಿ. ಮೂರ್ನಾಲ್ಕು ದಿನಕ್ಕೇ ಹಸಿರು ಕಾಣುತ್ತದೆ, ಇಪ್ಪತ್ತೈದು ದಿನಕ್ಕೆ ಸಾರಿಗೋ ಪಲ್ಯಕ್ಕೋ ಸೊಪ್ಪು ಸಿಗುತ್ತದೆ. ಅಕ್ಕಪಕ್ಕದವರಲ್ಲಿ ದೊಡ್ಡಪತ್ರೆ ಇದ್ದರೆ ಒಂದು ಕಡ್ಡಿ ಕೇಳಿ ಊರಿಬಿಡಿ. ಅದಕ್ಕೆ ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು. ಟೊಮೆಟೊ, ಬದನೆ ಸದ್ಯಕ್ಕೆ ಬೇಡ, ಅವಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ಕರಿಬೇವು ಇಟ್ಟರೆ ಒಂದು ವಿಷಯ ನೆನಪಿರಲಿ. ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಹತ್ತಿರ ಹೋಗಿ ನೋಡಿ. ಅದು ಚಿಟ್ಟೆಯ ಮರಿಹುಳ ಇರಬಹುದು. ಬೆಳೆದ ಮೇಲೆ ಹಸಿರಾಗುತ್ತದೆ, ಆಗ ಎಲೆ ನಡುವೆ ಕಾಣುವುದೇ ಇಲ್ಲ. ಸಣ್ಣ ಗಿಡವನ್ನು ಎರಡೇ ದಿನದಲ್ಲಿ ಬೋಳು ಮಾಡಿಬಿಡುತ್ತದೆ. ಮದ್ದು ಹೊಡೆಯಬೇಡಿ, ಆ ಎಲೆ ನಾವು ತಿನ್ನುವುದು ಅಲ್ವಾ? ಕೈಯಲ್ಲೇ ತೆಗೆಯಬಹುದು. ನಮ್ಮ ಗಿಡ ಈಗ ಎದೆಯೆತ್ತರ ಆಗಿದೆ, ಹಾಗಾಗಿ ಒಂದೆರಡು ಹುಳ ಬಿಟ್ಟಿರುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ಗೂಡಿನಿಂದ ಕಪ್ಪು ಚಿಟ್ಟೆ ಹೊರಬಂದು, ರೆಕ್ಕೆ ಒಣಗುವವರೆಗೂ ಕಡ್ಡಿ ಹಿಡಿದು ನೇತಾಡುತ್ತಿತ್ತು. ಮಗಳು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಅದರ ಮುಂದೆ ಕೂತುಬಿಟ್ಟಿದ್ದಳು.

ಕೊತ್ತಂಬರಿ ಬಂದ ಮೇಲೆ ಬೇರುಸಮೇತ ಕೀಳಬೇಡಿ. ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಯಲ್ಲಿ ಕೊಯ್ಯಿರಿ. ಒಂದೇ ಸಲ ಇಡೀ ಕುಂಡ ಬಿತ್ತುವ ಬದಲು, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಬಿತ್ತುತ್ತಾ ಹೋಗಿ. ಇವತ್ತು ರಾತ್ರಿ ನೆನೆಸಿದರೆ ನಾಳೆ ಬೆಳಿಗ್ಗೆಯೇ ಬಿತ್ತಬಹುದು.